ಹಸಿರು ಅಳು

ಜುಲೈ ೨, ಭಾನುವಾರ

ಮೂರು ಗಂಟೆ. ಎಚ್ಚರವಾದದ್ದು ಕಪ್ಪೆ ಹೆಬ್ಬೆರಳು ಚೀಪುವ ಸದ್ದಿಗೆ. ಬೆರಳು ಚೀಪುವುದಕ್ಕೂ ಸದ್ದಿರುತ್ತದೆಯೇ ಎಂದು ಯಾರಾದರೂ ಕೇಳಿಯಾರು. ಇರುತ್ತದೆ. ಒದ್ದೆ ತುಟಿಯಿಂದ ಬೆರಳು ಜಾರುವಾಗ 'ಪ್ಚ' ಎಂದು ಸಣ್ಣಗೆ. ಹೊರಗೆ ಲಾರಿ ಹಾರ್ನ್ ಹೊಡೆದರೂ ಏಳದವಳು ಅಷ್ಟಕ್ಕೆ ದಡಕ್ಕನೆ ಎದ್ದು ಕೂರುತ್ತೇನೆ. ತೊಟ್ಟಿಲ ಮೇಲೆ ಬಗ್ಗಿ, "ಇಲ್ಲೇ ಇದ್ದೀನಿ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ" ಎಂದೆ. ಕಣ್ಣು ಬಿಡದೆಯೇ ಬಾಯಿ ಓರೆ ಮಾಡಿ ನಕ್ಕಳು. ಎರಡೂ ಕಾಲು ಮಡಚಿ, ಹೊಟ್ಟೆ ಉಬ್ಬಿಸಿ ಮಲಗುತ್ತಾಳೆ. ಹುಟ್ಟಿದ ವಾರವೇ ಇವರು ಅವಳಿಗೆ ಕಪ್ಪೆ ಎಂದು ಹೆಸರಿಟ್ಟು ಹಡಗು ಹತ್ತಿದರು. ಎಂಜಿನ್ ಕೋಣೆಯ ಕೆಲಸ. ದಡ ಸಿಕ್ಕಿದಾಗ ಫೋನು, ಸಿಗದಿದ್ದರೆ ಇಲ್ಲ.

ನಾಳೆ ಇಂಟರ್ನ್‌ಶಿಪ್ ಶುರು. ಒಂದು ವರ್ಷ. ಇದು ಮುಗಿದರೆ ನನ್ನ ಎಂ.ಎಸ್ಸಿ. ಮುಗಿದ ಹಾಗೆ. ಬಾಣಂತನಕ್ಕೆಂದು ಓದು ನಿಲ್ಲಿಸಿದ್ದವಳನ್ನು ಅಷ್ಟು ದೊಡ್ಡ ಕಂಪನಿ ಕರೆದದ್ದೇ ಹೆಚ್ಚು. ಇರಲು ಈ ಮನೆ ಕೊಟ್ಟಿದ್ದಾರೆ, ಕೈಗೊಂದು ಫೋನ್ ಕೊಟ್ಟಿದ್ದಾರೆ, ಆಫೀಸಿನ ಕೆಳಮಹಡಿಯಲ್ಲೇ ಮಕ್ಕಳನ್ನು ನೋಡಿಕೊಳ್ಳುವ ಕೋಣೆಯಿದೆ.

ಈ ದಿನಚರಿ ಕೊಟ್ಟವಳು ಅಕ್ಕ. "ರಾತ್ರಿ ನಿದ್ದೆ ಬರದಿದ್ರೆ ಫೋನ್ ತಿಕ್ಕಬೇಡ, ಬರಿ. ನಿನ್ನ ಕೋಳಿಕಾಲಿನ ಅಕ್ಷರ ಹೇಗೂ ನನ್ನ ಬಿಟ್ಟು ಇನ್ಯಾರಿಗೂ ಓದಕ್ಕಾಗಲ್ಲ" ಎಂದಿದ್ದಳು. ಟೀಚರ್ ಬುದ್ಧಿ ಎಲ್ಲಿಗೆ ಹೋಗುತ್ತದೆ.

ನಿದ್ದೆ ಬರುವುದಿಲ್ಲ. ಕಪ್ಪೆ ಹುಟ್ಟಿ ಏಳು ತಿಂಗಳಾಯಿತು, ಒಂದು ರಾತ್ರಿಯೂ ಪೂರ್ತಿ ಬಂದಿಲ್ಲ. ಅವಳು ಮಲಗಿದರೆ, ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಕೈ ಹಿಡಿದು ನೋಡುತ್ತೇನೆ.

ಜುಲೈ ೩, ಸೋಮವಾರ

ಕೆಲಸ ಏನೆಂದು ಹೇಳಿದರೆ ಅಕ್ಕ ನಂಬಲಿಕ್ಕಿಲ್ಲ. ಅಳು ಕೇಳುವುದು.

ಕಿವಿಗೆ ಹೆಡ್‌ಫೋನ್, ಎದುರಿಗೆ ಮೂರು ಗುಂಡಿ. ಎಲ್ಲೆಲ್ಲಿಯದೋ ಮಕ್ಕಳ ಅಳು ಒಂದಾದ ಮೇಲೊಂದು ಬರುತ್ತದೆ. ಅಮ್ಮ ತಕ್ಷಣ ಓಡಬೇಕಾದ ಅಳುವಾದರೆ ಕೆಂಪು. ಸ್ವಲ್ಪ ತಡೆಯಬಹುದಾದರೆ ಹಳದಿ. ಹೋಗುವುದೇ ಬೇಡ, ತಾನೇ ಸುಮ್ಮನಾಗುತ್ತದೆ ಅನ್ನಿಸಿದರೆ ಹಸಿರು. ನಾವು ಒತ್ತಿದ್ದನ್ನು ನೋಡಿ ನೋಡಿ ಯಂತ್ರ ಕಲಿಯುತ್ತದಂತೆ. ಕಲಿತದ್ದನ್ನು 'ಗೂಡು' ಎಂಬ ಪುಟ್ಟ ಡಬ್ಬಿಯಲ್ಲಿ ತುಂಬಿ ಮಾರುತ್ತಾರೆ. ತೊಟ್ಟಿಲ ಪಕ್ಕ ಇಟ್ಟರಾಯಿತು. ನಿಜವಾಗಿ ಬೇಕಾದಾಗ ಮಾತ್ರ ಅದು ಅಮ್ಮನನ್ನು ಎಬ್ಬಿಸುತ್ತದೆ.

ನಮ್ಮ ಮೇಲಿನವರು ಎಷ್ಟು ಮೆತ್ತಗೆ ಮಾತಾಡುತ್ತಾರೆಂದರೆ, ಕಿವಿಗೆ ಹತ್ತಿ ಇಟ್ಟ ಹಾಗಾಗುತ್ತದೆ. ಹತ್ತಿ ಮೇಡಂ ಎಂದು ನಾನೇ ಹೆಸರಿಟ್ಟೆ. ಪಕ್ಕದ ಕುರ್ಚಿಯಲ್ಲಿ ಇನ್ನೊಬ್ಬ ಇಂಟರ್ನ್, ಬಾಗಿಲಿಗೆ ತಲೆ ತಾಗುವಷ್ಟು ಉದ್ದದ ಹುಡುಗ. "ಅಕ್ಕಾ, ನಿಮ್ಮನೇಲಿ ಮಗು ಇದೆ. ನಾವೆಲ್ಲ ಪುಸ್ತಕ ಮುಚ್ಚಿಟ್ಟು ಪರೀಕ್ಷೆ ಬರೆದ್ರೆ ನೀವು ತೆರೆದಿಟ್ಕೊಂಡು ಬರೀತೀರಿ. ಇದು ಮೋಸ" ಎಂದ.

ಮೋಸವೇನು ಬಂತು. ಇಡೀ ದಿನ ಕೆಂಪು ಗುಂಡಿಯನ್ನೇ ಒತ್ತಿದೆ. ಯಾರದೋ ಮಗು ಎಲ್ಲೋ ಅತ್ತರೆ ಇಲ್ಲಿ ನನಗೆ ಹಾಲು ಸೋರಿ ಅಂಗಿಯೆಲ್ಲ ಒದ್ದೆ. ಸಂಜೆ ಹತ್ತಿ ಮೇಡಂ ಕರೆದರು.

"ಎಲ್ಲಾ ಕೆಂಪು ಒತ್ತಿದೀರಲ್ಲಮ್ಮ."

"ಎಲ್ಲಾ ಮಕ್ಕಳೂ ಅಳ್ತಿದ್ವು ಮೇಡಂ."

ನಕ್ಕರು. "ಅಳು ಅಂದ್ಮೇಲೆ ಅಳ್ತಾವೆ. ಎಲ್ಲದಕ್ಕೂ ಓಡೋದಾದ್ರೆ ಡಬ್ಬಿ ಯಾಕೆ ಬೇಕು? ನಿಮ್ಮ ಥರ ನಿದ್ದೆಗೆಟ್ಟ ತಾಯಂದಿರಿಗೆ ಒಂದು ರಾತ್ರಿ ನಿದ್ದೆ ಕೊಡೋಣ ಅಂತ ತಾನೇ ನಾವು ಕೂತಿರೋದು? ಕಿವಿಯಿಂದ ಕೇಳಿ. ಕರುಳಿಂದ ಬೇಡ."

ಸರಿಯೆನ್ನಿಸಿತು. ನನ್ನ ಕಣ್ಣ ಕೆಳಗಿನ ಕಪ್ಪು ನೋಡಿದರೆ ಯಾರಿಗಾದರೂ ಸರಿಯೆನ್ನಿಸೀತು.

ಜುಲೈ ೧೪, ಶುಕ್ರವಾರ

ಇವತ್ತು ಮೊದಲ ಸಲ ಹಸಿರು ಒತ್ತಿದೆ. ಒತ್ತಿ ಹೆಡ್‌ಫೋನ್ ತೆಗೆದಿಟ್ಟು ಕೆಳಗೆ ಓಡಿಹೋಗಿ ಕಪ್ಪೆಯನ್ನು ಎತ್ತಿಕೊಂಡು ಬಂದೆ. ಅವಳು ಅತ್ತಿರಲೇ ಇಲ್ಲ. ಆಯಮ್ಮನ ಮಡಿಲಲ್ಲಿ ಕೂತು ಬಾಚಣಿಗೆ ಕಚ್ಚುತ್ತಿದ್ದಳು.

"ಏನಮ್ಮಾ, ನಂಬಿಕೆ ಇಲ್ವಾ ನಮ್ಮೇಲೆ? ನಿನ್ನ ಕಪ್ಪೇನ ಯಾವ ಹಾವೂ ನುಂಗಿಲ್ಲ ನೋಡ್ಕೊ" ಎಂದಳು ಆಯಮ್ಮ.

ಆಗಸ್ಟ್ ೯, ಬುಧವಾರ

ದಣಿದ ಅಳು ಕೊನೆಯಲ್ಲಿ ಕೆಳಕ್ಕೆ ಜಾರುತ್ತದೆ. ಹಸಿದ ಅಳುವಿಗೆ ನಡುನಡುವೆ ಕಿವಿಯಿದೆ: ಯಾರಾದರೂ ಬಂದರೇ ಎಂದು ತಡೆದು ಕೇಳಿಸಿಕೊಳ್ಳುತ್ತದೆ. ನೋವಿನ ಅಳು ಮೊದಲು ಬಾಯಿ ತೆರೆದು, ಸ್ವರವಿಲ್ಲದೆ ನಿಂತು, ಆಮೇಲೆ ಹೊರಬರುತ್ತದೆ. ಸುಮ್ಮನೆ ಅಳುವ ಅಳುವಿಗೆ ರಾಗವಿದೆ. ಇದನ್ನೆಲ್ಲ ತರಗತಿಯಲ್ಲಿ ಯಾರೂ ಹೇಳಿಕೊಡಲಿಲ್ಲ. ಉದ್ದನೆಯವನಿಗೆ ಬಿಡಿಸಿ ಹೇಳಿದೆ. "ಅಕ್ಕಾ, ನೀವು ಸಂಗೀತದ ಮೇಷ್ಟ್ರು ಆಗ್ಬೇಕಿತ್ತು" ಎಂದ.

ಮನೆಗೊಂದು ಗೂಡು ಕೊಟ್ಟಿದ್ದಾರೆ. ಇಂಟರ್ನ್‌ಗಳ ಮನೆಯಲ್ಲೇ ಮೊದಲ ಪ್ರಯೋಗವಂತೆ. ಹಕ್ಕಿಗೂಡಿನ ಹಾಗೆ ಗುಂಡಗಿದೆ, ನಡುವೆ ಒಂದು ದೀಪ. ಈಗ ಅದು ಎಲ್ಲದಕ್ಕೂ ಕೆಂಪೇ ಉರಿದು ನನ್ನನ್ನು ಎಬ್ಬಿಸುತ್ತದೆ. ನನ್ನ ಹಾಗೇ ಹೆದರುಪುಕ್ಕಲು. ಇನ್ನೂ ಕಲಿಯುತ್ತಿದೆ, ಪಾಪ.

ಸೆಪ್ಟೆಂಬರ್ ೨೧, ಗುರುವಾರ

ನಾಲ್ಕು ಗಂಟೆ ನಿದ್ದೆ! ಒಂದೇ ಉಸಿರಿಗೆ! ಎದ್ದಾಗ ಎಲ್ಲಿದ್ದೇನೆಂದು ತಿಳಿಯಲಿಲ್ಲ. ಕಪ್ಪೆಯ ಕೆನ್ನೆಯ ಮೇಲೆ ಉಪ್ಪಿನ ಗೆರೆ ಒಣಗಿತ್ತು. ರಾತ್ರಿ ಯಾವಾಗಲೋ ಅತ್ತಿರಬೇಕು, ತಾನೇ ಸುಮ್ಮನಾಗಿದ್ದಾಳೆ. ಗೂಡಿನ ದೀಪ ಹಸಿರು. ಅಕ್ಕನಿಗೆ ಹೇಳಿದರೆ, "ನಿದ್ದೆ ಮಾಡಿದ್ದು ನೀನಾ ಆ ಡಬ್ಬಿನಾ?" ಎಂದಳು. ಹೊಟ್ಟೆಕಿಚ್ಚು. ಅವಳ ಮಕ್ಕಳು ಈಗಲೂ ರಾತ್ರಿಯೆಲ್ಲ ಒದೆಯುತ್ತವೆ.

ನವೆಂಬರ್ ೧೭, ಶುಕ್ರವಾರ

ಕಂಪನಿಯಲ್ಲಿ ನನಗೇ ಎಲ್ಲರಿಗಿಂತ ವೇಗ. ಹತ್ತಿ ಮೇಡಂ ಎಲ್ಲರೆದುರು ಹೇಳಿದರು. ಒಂದು ಅಳುವನ್ನು ಪೂರ್ತಿ ಕೇಳುವುದೂ ಬೇಡ ಈಗ. ಮೊದಲ ಉಸಿರೆಳೆತದಲ್ಲೇ ಬಣ್ಣ ಕಾಣುತ್ತದೆ. ಬಸ್ಸಿನಲ್ಲಿ ಹಿಂದಿನ ಸೀಟಿನ ಮಗು ಅತ್ತಾಗ ಬೆರಳು ತಾನೇ ತೊಡೆಯ ಮೇಲೆ ಒತ್ತಿತು. ಹಸಿರು. ಅದರ ತಾಯಿ ಸುಮ್ಮನೆ ಹೆಣಗಾಡುತ್ತಿದ್ದಳು. "ಬಿಡಿ, ತಾನೇ ನಿಲ್ಲಿಸತ್ತೆ" ಎಂದೆ. ನನ್ನನ್ನು ನೋಡಿ ಸೀಟು ಬದಲಾಯಿಸಿದಳು.

ಹಾಲು ನಿಂತಿದೆ. ಅದೂ ಒಳ್ಳೆಯದೇ. ಮಗಳಿಗೆ ಹೇಗೂ ವರ್ಷವಾಗುತ್ತ ಬಂತು.

ಜನವರಿ ೮, ಸೋಮವಾರ

ಇವತ್ತು ಮಗುವಿನ ಬೆರಳು ಬಾಗಿಲ ಸಂದಿಗೆ ಸಿಕ್ಕಿತು. ಕೆಳಗೆ ಹೋದಾಗ ಆಯಮ್ಮ ಐಸ್ ಹಿಡಿದು ಕೂತಿದ್ದಳು, ಅವಳ ಮುಖವೇ ಸೀದುಹೋಗಿತ್ತು. ಉಂಗುರದ ಬೆರಳಿನ ಉಗುರು ಎದ್ದುಬಂದಿದೆ.

"ಅಳ್ತಿತ್ತಮ್ಮ, ಬಾಗಿಲ ಹಿಂದೆ. ನಾನು ಇನ್ನೊಂದಕ್ಕೆ ಬಟ್ಟೆ ಬದಲಾಯಿಸ್ತಿದ್ದೆ. ಏಳೋಣ ಅಂತ, ಮಕ್ಕಳ ಅಳುವಿಗೇ ಅಂತ ಈಗ ಗೋಡೆಗೆ ಹಾಕಿದಾರಲ್ಲ, ಆ ದೀಪ ನೋಡಿದ್ರೆ ಹಸಿರು ಬಂತು. ಹಸಿರು ಬಂದ್ರೆ ಹೋಗ್ಬೇಡಿ, ಸುಮ್ನೆ ಮಕ್ಕಳ ಅಭ್ಯಾಸ ಕೆಡತ್ತೆ ಅಂದಿದ್ದಾರೆ ಮೇಲಿನವ್ರು. ನಾನೇನು ಮಾಡ್ಲಿ? ಮೂವತ್ತು ವರ್ಷದಿಂದ ಮಕ್ಕಳನ್ನ ನೋಡಿದೀನಿ, ದೀಪ ನೋಡ್ಕೊಂಡು ಕೂತಿದ್ದು ಇದೇ ಮೊದಲು."

"ಯಂತ್ರ ಇನ್ನೂ ಕಲೀತಿದೆ ಆಯಮ್ಮಾ" ಎಂದೆ.

ಮೇಲೆ ಬಂದು ಕೂತೆ. ಉದ್ದನೆಯವನು ನನ್ನ ಮುಖವನ್ನೇ ನೋಡುತ್ತಿದ್ದ. ಆಮೇಲೆ ಕುರ್ಚಿಯನ್ನು ಹತ್ತಿರ ಎಳೆದುಕೊಂಡ.

"ಅಕ್ಕಾ, ಕೆಳಗಿನ ದೀಪಕ್ಕೆ ಯಂತ್ರ ಇಲ್ಲ. ಈ ತಿಂಗಳಿಂದ ಅದು ನಾವೇ. ನಾವು ಒತ್ತಿದ ಬಣ್ಣಾನೇ ಅಲ್ಲಿ ಉರಿಯೋದು. ಇವತ್ತು ಬೆಳಗ್ಗೆ ನಿಮಗೆ ಬಂದಿದ್ದೆಲ್ಲ ಕೆಳಗಿನ ಮಕ್ಕಳದ್ದೇ."

ಬೆಳಗ್ಗೆ ಬಂದದ್ದನ್ನು ನೆನೆದುಕೊಂಡೆ. ಒಂದಿತ್ತು. ಸ್ವಲ್ಪ ಕರ್ಕಶ, ಕೊನೆ ಕೆಳಕ್ಕೆ ಜಾರಿತ್ತು. ದಣಿವು ಎಂದುಕೊಂಡೆ. ಮೊದಲಲ್ಲಿ ಸ್ವರವಿಲ್ಲದೆ ನಿಂತಿತ್ತೇ? ಇರಬಹುದು. ಮೊದಲ ಉಸಿರಿಗೇ ಒತ್ತಿಬಿಟ್ಟಿದ್ದೆ. ಆ ದನಿ ಯಾವುದೆಂದು ನನಗೆ ಹೊಳೆಯಲೇ ಇಲ್ಲ.

ಜನವರಿ ೯, ಮಂಗಳವಾರ

ರಜೆ ಕೇಳಲು ಹೋದೆ. ಹತ್ತಿ ಮೇಡಂ ಕೂರಿಸಿ ನೀರು ಕೊಟ್ಟರು. "ಉಗುರು ತಾನೇ, ಮತ್ತೆ ಬರುತ್ತಮ್ಮ. ಕೆಳಗೆ ಕೇಳೋದು ನೀವೇ ಅಂತ ಮೊದಲೇ ಹೇಳಿದ್ರೆ ನೀವೆಲ್ಲ ಮತ್ತೆ ಕೆಂಪೇ ಒತ್ತುತಿದ್ರಿ. ಸ್ವಂತ ಮಗು ಅಂತ ಗೊತ್ತಾಗದೆ, ಎಲ್ಲಾ ಮಕ್ಕಳನ್ನೂ ಒಂದೇ ಸಮ ಕೇಳಿದ್ದೀರಲ್ಲ, ಅಂಥ ಕಿವಿ ನಮಗೆ ಸಿಕ್ಕಿರಲಿಲ್ಲ" ಎಂದರು. ರಜೆ ಬೇಡವೆನ್ನಿಸಿತು. ಅವರು ಹೇಳುವಾಗ ಎಲ್ಲವೂ ಸರಿಯಾಗಿ ಕೇಳುತ್ತದೆ.

ಉದ್ದನೆಯವನು ಕೆಲಸ ಬಿಟ್ಟ. ವರ್ಷ ಹಾಳಾಗುತ್ತದೆ ಎಂದರೂ ಕೇಳಲಿಲ್ಲ. ಹೋಗುವಾಗ, "ಅಕ್ಕಾ, ನೀವು ಪುಸ್ತಕ ಮುಚ್ಚಿಬಿಟ್ರಿ" ಎಂದ. ಏನು ಹೇಳಿದನೋ ಅರ್ಥವಾಗಲಿಲ್ಲ.

ಫೆಬ್ರವರಿ ೨೬, ಸೋಮವಾರ

ಹೊಸ ಕೆಲಸ. ಗೂಡಿಗೆ ಈಗ ಬಾಯಿಯೂ ಬೇಕಂತೆ. ಹಸಿರು ಅಳುವಿಗೆ ಸುಮ್ಮನೆ ಉರಿಯುವ ಬದಲು ಒಂದು ಮಾತು ಹೇಳಿ ಸಮಾಧಾನ ಮಾಡಬೇಕು. ಹಲವರ ದನಿ ಕೇಳಿ ನನ್ನದನ್ನು ಆರಿಸಿದ್ದಾರೆ. ಕಂಬಳಿ ಹೊದೆಸಿದಂತಿರುವ ಕಿಟಕಿಯಿಲ್ಲದ ಕೋಣೆಯಲ್ಲಿ ದಿನವಿಡೀ ಕೂತು ಓದುತ್ತೇನೆ. "ಮಲಗು." "ಏನೂ ಆಗಿಲ್ಲ." "ಬೆಳಗಾಗಲಿ." ಒಂದೇ ಮಾತನ್ನು ನಗುತ್ತ, ನಿದ್ದೆಗಣ್ಣಲ್ಲಿ, ಬಾಗಿಲಾಚೆಯಿಂದ. ಆ ಕೋಣೆಯಲ್ಲಿ ನನ್ನ ಮಾತು ಗೋಡೆಗೆ ತಾಗಿ ಹಿಂದಿರುಗುವುದಿಲ್ಲ. ಎಲ್ಲಿಗೋ ಹೋಗಿಬಿಡುತ್ತದೆ.

ಏಪ್ರಿಲ್ ೪, ಗುರುವಾರ

ಮಗು ಈಗ ರಾತ್ರಿಯಿಡೀ ಮಲಗುತ್ತದೆ. ನಾನೂ.

ಬೆಳಗ್ಗೆ ಹಲ್ಲುಜ್ಜುವಾಗ ಒಳಗಿನಿಂದ, "ಇಲ್ಲೇ ಇದ್ದೀನಿ, ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ" ಎಂದು ಕೇಳಿತು. ನಾನೇ ಹೇಳಿದೆ ಎಂದುಕೊಂಡು ಒಂದು ಕ್ಷಣ ಬ್ರಷ್ ಹಿಡಿದು ನಿಂತೆ. ಬಾಯ್ತುಂಬ ನೊರೆ. ಆ ಮಾತನ್ನು ಆಫೀಸಿನಲ್ಲಿ ಓದಿದ ನೆನಪಿಲ್ಲ. ಮನೆಯಲ್ಲೇ ಕೇಳಿಸಿಕೊಂಡಿರಬೇಕು. ಎಷ್ಟು ಬೇಗ ಕಲಿಯುತ್ತದೆ!

ಸಂಜೆ ಅಕ್ಕ ಫೋನ್ ಮಾಡಿ, "ನಿನ್ನೆ ಎಷ್ಟು ಚೆನ್ನಾಗಿ ಮಾತಾಡಿದ್ಯೇ! ವರ್ಷದ ಮೇಲೆ ನನ್ನ ತಂಗಿ ಸಿಕ್ಕಿದ ಹಾಗಾಯ್ತು. ಬೈಲಿಲ್ಲ, ಅಳ್ಲಿಲ್ಲ, ನಾನು ಹೇಳಿದ್ದನ್ನೆಲ್ಲ ಕೇಳಿಸ್ಕೊಂಡೆ" ಎಂದಳು.

ನಿನ್ನೆ ರಾತ್ರಿ ನಾನು ಊಟ ಮಾಡಿದವಳೇ ಮಲಗಿದ್ದೆ.

ಮೇಡಂ ಹೇಳಿದ್ದು ಆಮೇಲೆ ನೆನಪಾಯಿತು. ಕಂಪನಿ ಕೊಟ್ಟ ಫೋನಿಗೂ ಮನೆಯ ಬಾಗಿಲಿಗೂ ಗೂಡನ್ನು ಜೋಡಿಸಿದ್ದಾರೆ. ಮಗು ಮಲಗಿದ್ದಾಗ ಫೋನ್ ಬಂದರೆ ತಾನೇ ಎತ್ತಿ ಒಂದೆರಡು ಮಾತಾಡಿ ಇಡುತ್ತದೆ, ಸದ್ದಿಗೆ ಮಗು ಏಳಬಾರದಲ್ಲ. ಅಕ್ಕನಿಗೆ ಹೇಳಲು ಹೊರಟವಳು ಸುಮ್ಮನಾದೆ. ಅಷ್ಟು ಖುಷಿಯಲ್ಲಿದ್ದಳು.

ಮೇ ೨೩, ಗುರುವಾರ

ಮಗು ಮಾತಾಡಿತು. 'ಅಮ್ಮ' ಎಂದಿತು. ಎರಡು ಸಲ, ಸ್ಪಷ್ಟವಾಗಿ. ನಾನು ಬಾಗಿಲಲ್ಲಿದ್ದೆ, ಅದು ತೊಟ್ಟಿಲ ಕಂಬಿ ಹಿಡಿದು ನಿಂತು ಗೂಡಿಗೆ ಮುಖ ಒತ್ತಿಕೊಂಡಿತ್ತು. ಗೂಡು ನಕ್ಕಿತು. ನನ್ನ ನಗು ಹೊರಗಿನಿಂದ ಕೇಳಲು ಚೆನ್ನಾಗಿದೆ.

ಎತ್ತಿಕೊಂಡರೆ ಮಗು ನನ್ನ ಬಾಯಿಯನ್ನು ಬೆರಳಿನಿಂದ ಮುಚ್ಚಿ ಗೂಡಿನ ಕಡೆ ತಿರುಗುತ್ತದೆ. ಹೊಸ ಆಟ.

ಈ ಕಟ್ಟಡದಲ್ಲಿರುವವರೆಲ್ಲ ಕಂಪನಿಯವರೇ, ಎಲ್ಲ ಮನೆಯಲ್ಲೂ ಮಕ್ಕಳಿದ್ದಾರೆ. ಎದುರು ಮನೆಯಲ್ಲೂ ಒಂದು ಹಸುಗೂಸಿದೆ. ಮೆಟ್ಟಿಲು ಹತ್ತುವಾಗ ಇವತ್ತು ನಿಂತು ಕೇಳಿದೆ. ಒಂದೂ ಅಳುತ್ತಿರಲಿಲ್ಲ. ನಲ್ಲಿಯ ನೀರು, ಲಿಫ್ಟಿನ ಗುಂಯ್. ಎಷ್ಟು ನೆಮ್ಮದಿ.

ಜೂನ್ ೧೧, ಮಂಗಳವಾರ

ದನಿ ಹೋಗಿದೆ. ಎರಡು ದಿನ ಕರಕರ ಎಂದು, ಇವತ್ತು ಬಾಯಿ ತೆರೆದರೆ ಬರೀ ಗಾಳಿ. ಗಂಟಲಿನ ಡಾಕ್ಟರು ಒಳಗೆ ದೀಪ ಬಿಟ್ಟು ನೋಡಿ, "ಏನಮ್ಮಾ, ಮಾರ್ಕೆಟ್ಟಲ್ಲಿ ಕೂಗಿ ವ್ಯಾಪಾರ ಮಾಡ್ತಿದ್ದೀರಾ? ಗಂಟುಗಳಾಗಿವೆ. ಒಂದು ತಿಂಗಳು ಮಾತಿಲ್ಲ. ಪಿಸುಗುಟ್ಟೋದೂ ಇಲ್ಲ" ಎಂದರು.

ಹತ್ತಿ ಮೇಡಂ ಚಿಂತೆಯಿಲ್ಲವೆಂದರು. ಬೇಕಾದಷ್ಟು ದನಿ ಅವರ ಹತ್ತಿರ ಆಗಲೇ ಇದೆಯಂತೆ. ಇದೇ ತಿಂಗಳ ಇಪ್ಪತ್ತೆಂಟಕ್ಕೆ ನನ್ನ ಇಂಟರ್ನ್‌ಶಿಪ್ ಮುಗಿಯುತ್ತದೆ.

ಮನೆಯಲ್ಲಿ ಏನೂ ಬದಲಾಗಲಿಲ್ಲ. ನಾನು ಸುಮ್ಮನಿದ್ದೇನೆಂದು ಮಗುವಿಗೆ ಗೊತ್ತೇ ಆಗಿಲ್ಲ.

ಜೂನ್ ೨೬, ಬುಧವಾರ

ಮಗುವಿಗೆ ಜ್ವರ. ನಿನ್ನೆಯಿಂದ. ಅಳುತ್ತದೆ. ಹಳದಿ ಇರಬೇಕು.

ಜೂನ್ ೨೭, ಗುರುವಾರ

ಅಕ್ಕಾ, ಇದನ್ನು ನಿನಗೇ ಬರೆಯುತ್ತಿದ್ದೇನೆ. ಬರೆದ ಹಾಳೆಗಳ ಫೋಟೋ ತೆಗೆದು ಕಳಿಸುತ್ತೇನೆ. ಮೆಸೇಜನ್ನೇ ಬರೆಯಲು ಹೋದೆ, 'ಅಕ್ಕಾ' ಎಂದು ಬೆರಳಿಡುವಷ್ಟರಲ್ಲಿ ಫೋನು ತಾನೇ ಮುಂದಿನದನ್ನು ತುಂಬಿತು: 'ನಾವಿಬ್ಬರೂ ಚೆನ್ನಾಗಿದ್ದೀವಿ, ಮಗು ಮಲಗಿದೆ.' ಅಳಿಸಿದೆ, ಮತ್ತೆ ಅದೇ ಬಂತು. ನನ್ನ ಕೋಳಿಕಾಲಿನ ಅಕ್ಷರ ಅದಕ್ಕೆ ಬರುವುದಿಲ್ಲ. ನಿನಗೆ ಓದಲು ಬರುತ್ತದೆ.

ಕಪ್ಪೆಗೆ ಮೂರನೇ ದಿನವೂ ಜ್ವರ ಇಳಿದಿಲ್ಲ. ಎರಡು ರಾತ್ರಿ ನಾನು ಕಣ್ಣು ಮುಚ್ಚಿಲ್ಲ. ಮಧ್ಯಾಹ್ನ ಮಕ್ಕಳ ಡಾಕ್ಟರ ಹತ್ತಿರ ಹೋದೆ, ಮಾತಾಡಲಾಗದೆ ಎಲ್ಲ ಬರೆದು ತೋರಿಸಿದೆ. ಔಷಧಿ ಕೊಟ್ಟು ಅವರು ಹೇಳಿದ್ದು ಇಷ್ಟು: "ಅಳೋ ಮಗೂಗೆ ಭಯ ಇಲ್ಲಮ್ಮ. ಜ್ವರದಲ್ಲಿ ಸುಮ್ಮನಾಗಿಬಿಡೋ ಮಗೂಗೆ ಭಯ. ರಾತ್ರಿ ಆಗಾಗ ಎಬ್ಬಿಸಿ ನೀರು ಕುಡಿಸಿ. ಎಬ್ಬಿಸಿದ್ರೂ ಕಣ್ಣು ಬಿಡ್ಲಿಲ್ಲ, ಅಳ್ಲಿಲ್ಲ ಅಂದ್ರೆ ಯೋಚನೆ ಮಾಡ್ಬೇಡಿ, ಎತ್ಕೊಂಡು ಓಡಿ ಬನ್ನಿ."

ಮನೆಗೆ ಬಂದು ತೊಟ್ಟಿಲಲ್ಲಿ ಮಲಗಿಸಿ, ಪಕ್ಕದ ಕೋಣೆಯಲ್ಲಿ ಬಟ್ಟೆ ಮಡಚುತ್ತ ಗೋಡೆಗೆ ಒರಗಿದ್ದಷ್ಟೇ ನೆನಪು. ಕಣ್ಣು ಬಿಟ್ಟಾಗ ಕತ್ತಲಾಗಿತ್ತು. ಯಾವ ಸದ್ದಿಗೂ ಎಚ್ಚರವಾದದ್ದಲ್ಲ. ಕುತ್ತಿಗೆ ನೋಯುತ್ತಿತ್ತು, ಅದಕ್ಕೆ.

ಹೋಗಿ ನೋಡಿದೆ. ಕಪ್ಪೆ ಕಣ್ಣು ಬಿಟ್ಟುಕೊಂಡು ಅಲುಗಾಡದೆ ಮಲಗಿದ್ದಳು. ಮೈ ಕಾದ ಹೆಂಚು. ತುಟಿ ಒಡೆದಿತ್ತು. ಅತ್ತು ಅತ್ತು ದಿಂಬೆಲ್ಲ ಒದ್ದೆಯಾಗಿ ಒಂದು ಅಂಚು ಆಗಲೇ ಒಣಗಿತ್ತು. ಅಷ್ಟು ಹೊತ್ತು ಅತ್ತಿದ್ದಾಳೆ ಅಕ್ಕಾ, ಗೋಡೆಯ ಈಚೆ ನಾನಿದ್ದೆ. ಗೂಡಿನ ದೀಪ ಹಸಿರು. ಮೆಲ್ಲಗೆ ಹೇಳುತ್ತಿತ್ತು: "ಇಲ್ಲೇ ಇದ್ದೀನಿ. ನಿನ್ನ ಬಿಟ್ಟು ಎಲ್ಲಿಗೆ ಹೋಗ್ಲಿ. ಏನೂ ಆಗಿಲ್ಲ. ಮಲಗು." ಅದು ಹೇಳಿದಾಗೆಲ್ಲ ಕಪ್ಪೆಯ ರೆಪ್ಪೆ ಇಳಿಯುತ್ತಿತ್ತು.

ಅದು ಯಂತ್ರದ ತಪ್ಪಲ್ಲ. ಆ ಅಳುವಿಗೆ ಹಸಿರು ಎಂದು ಕಲಿಸಿದವಳು ನಾನು. ಅದರ ಕಿವಿಯೂ ನನ್ನದೇ, ಬಾಯಿಯೂ ನನ್ನದೇ. ನನ್ನ ಹತ್ತಿರ ಈಗ ಎರಡೂ ಇಲ್ಲ.

ವಯರು ಕಿತ್ತೆ. ಗೂಡನ್ನು ಚಾದರದಲ್ಲಿ ಸುತ್ತಿ ಬೀರುವಿನೊಳಗಿಟ್ಟು ಬೀಗ ಹಾಕಿದೆ. ಕಪ್ಪೆಯನ್ನು ಎತ್ತಿ ನೀರು ಕುಡಿಸಿ ಹಾಸಿಗೆಗೆ ಬಂದರೆ, ಹಾಸಿಗೆಯ ಮೇಲಿದ್ದ ಫೋನು, "ಬಂದ್ಯಾ? ಮಲಗು" ಎಂದಿತು.

ಫೋನನ್ನು ಆರಿಸಲಾರೆ, ಅದೊಂದೇ ನಿನ್ನವರೆಗೆ ದಾರಿ. ಇವರ ಹಡಗು ಇನ್ನೂ ನಾಲ್ಕು ದಿನ ನೀರ ನಡುವೆ. ನಾನೇ ಆಸ್ಪತ್ರೆಗೆ ಫೋನ್ ಮಾಡಿದರೂ ಹೇಳಲು ದನಿಯಿಲ್ಲ.

ಕಪ್ಪೆಯನ್ನು ಹೆಗಲಿಗೆ ಹಾಕಿಕೊಂಡು ಎದುರು ಮನೆಯ ಬಾಗಿಲು ತಟ್ಟಿದೆ. ಅವರಾದರೂ ನನ್ನ ಪರವಾಗಿ ಆಸ್ಪತ್ರೆಗೆ ಒಂದು ಗಾಡಿ ಕರೆಸಿಯಾರು ಎಂದು. ಒಳಗೆ ಹೆಜ್ಜೆ ಸದ್ದಿಲ್ಲ. ಮತ್ತೆ ತಟ್ಟಿದೆ. ಬಾಗಿಲ ಹಿಂದಿನಿಂದ, ತೀರ ಹತ್ತಿರದಿಂದ ಮಾತು ಬಂತು.

"ಎಲ್ಲಾ ಸರಿಯಾಗಿದೆ. ಮಗು ಮಲಗಿದೆ. ಬೆಳಗ್ಗೆ ಬನ್ನಿ."

ನನ್ನ ದನಿ, ಅಕ್ಕಾ. ನಿದ್ದೆಗಣ್ಣಲ್ಲಿ ಹೇಳಿದ್ದು, ಫೆಬ್ರವರಿಯಲ್ಲಿ, ಆ ಕಿಟಕಿಯಿಲ್ಲದ ಕೋಣೆಯಲ್ಲಿ. ನಾನು ಬಾಯಿ ತೆರೆದೆ. ಗಾಳಿ ಬಂತು. ಕೆಳಮಹಡಿಯ ಬಾಗಿಲು ತಟ್ಟಿದೆ. ಅಲ್ಲೂ ನಾನೇ. ಅದರ ಕೆಳಗಿನ ಮನೆಯಲ್ಲೂ ನಾನೇ, ನಗುತ್ತ. ಬೀದಿಯವರೆಗೆ ಇಳಿದೆ. ಒಂದು ಗಾಡಿಯಿಲ್ಲ, ಒಬ್ಬ ಮನುಷ್ಯನಿಲ್ಲ, ತಣ್ಣನೆ ಗಾಳಿಗೆ ಅವಳು ನಡುಗಲು ಶುರು ಮಾಡಿದಳು. ಮೇಲೆ ತಂದೆ.

ಔಷಧಿ ಕೊಟ್ಟಿದ್ದೇನೆ. ಮೈ ಒರೆಸಿದೆ. ಈಗ ತಾನೆ ಅಂಗಾಲು ಚಿವುಟಿದೆ, ಅತ್ತಳು. ಸಣ್ಣಗೆ. ಮೊದಲು ಬಾಯಿ ತೆರೆದು, ಸ್ವರವಿಲ್ಲದೆ ನಿಂತು, ಆಮೇಲೆ. ಕೆಂಪು ಅಕ್ಕಾ, ಅದು ಕೆಂಪು. ನನಗೆ ಕೇಳಿಸಿತು. ಆದರೆ ನನ್ನ ತಲೆ ತೂಗುತ್ತಿದೆ, ಈ ಸಾಲು ಬರೆಯುವಾಗಲೇ ಪೆನ್ನು ಎರಡು ಸಲ ಜಾರಿತು. ನಾನು ಮಲಗಿಬಿಡುತ್ತೇನೆ. ಮಲಗಿದರೆ ಅವಳ ಅಳುವಿಗೆ ಏಳುವುದಿಲ್ಲ, ಆ ಅಭ್ಯಾಸ ನನಗೆ ತಪ್ಪಿಹೋಗಿದೆ. ಫೋನಿನ ಸದ್ದು ಒಂದು ಉಳಿದಿದೆ. ಅದಕ್ಕೆ ನಾನು ಇನ್ನೂ ಯಾವ ಗುಂಡಿಯನ್ನೂ ಒತ್ತಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಓದಿದ ಕೂಡಲೇ ಅಲ್ಲಿಂದಲೇ ಆಸ್ಪತ್ರೆಯವರಿಗೆ ಹೇಳಿ ಇಲ್ಲಿಗೆ ಗಾಡಿ ಕಳಿಸು. ಆಮೇಲೆ ನನಗೆ ಫೋನ್ ಮಾಡು. ಫೋನನ್ನು ಎದೆಯ ಮೇಲಿಟ್ಟುಕೊಂಡು, ಕಪ್ಪೆಯನ್ನು ಅದರ ಪಕ್ಕ ಮಲಗಿಸಿಕೊಂಡಿರುತ್ತೇನೆ. ಅದು ಎತ್ತುವ ಮುಂಚೆ ಒಂದೇ ಒಂದು ಸಲ ನಡುಗುತ್ತದೆ. ಅಷ್ಟಕ್ಕೆ ನಾನು ಏಳದಿದ್ದರೆ ನನ್ನ ದನಿಯಲ್ಲಿ ನಿನ್ನನ್ನು ಅಕ್ಕಾ ಎನ್ನುತ್ತದೆ, ಎಲ್ಲ ಚೆನ್ನಾಗಿದೆ ಎನ್ನುತ್ತದೆ, ನಿನ್ನ ಮಕ್ಕಳ ಬಗ್ಗೆ ವಿಚಾರಿಸುತ್ತದೆ. ನಿನಗೆ ಖುಷಿಯಾಗುತ್ತದೆ. ನಂಬಬೇಡ. ಇಟ್ಟುಬಿಟ್ಟು ಮತ್ತೆ ಮಾಡು. ಮತ್ತೆ ಮಾಡು. ಆ ಕಡೆಯಿಂದ ಯಾರೂ ಮಾತಾಡದೆ ಬರೀ ಉಸಿರು ಕೇಳುವವರೆಗೆ, ಬೆರಳಿನಿಂದ ಎರಡು ಸಲ ಕುಟ್ಟುವುದು ಕೇಳುವವರೆಗೆ ಮಾಡುತ್ತಲೇ ಇರು. ಮಾತಾಡಿದರೆ ಅದು ನಾನಲ್ಲ.

ಬೆಳಗಾಗುವುದರೊಳಗೆ, ಅಕ್ಕಾ. ದಮ್ಮಯ್ಯ. ಫೋನ್ ಮಾಡು.